ಸ್ಥಳನಾಮಗಳ ಸಾಕ್ಷ್ಯ

ಹೊರನಾಡ ಕನ್ನಡಿಗರಿಗೆ ಸ್ಥಳನಾಮಗಳ ಮೇಲೆ ವಿಶೇಷ ಮೋಹ. ಕಾಂದಿವಲಿ, ಬೋರಿವಲಿ, ಡೊಂಬಿವಲಿ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ನಮಗೆ ‘ಹಳ್ಳಿ’ ಕೇಳಿಸುತ್ತದೆ. ಲಾತೂರಿನಲ್ಲಿ ‘ಊರು’ ಕಾಣಿಸುತ್ತದೆ. ಈ ಭಾವನೆಗೆ ವಿಚಾರದ ಬೆಂಬಲವನ್ನು ಒದಗಿಸಿದವರಲ್ಲಿ ‘ಮಹಾರಾಷ್ಟ್ರದ ಮೂಲ’, ‘ಕನ್ನಡದ ನೆಲೆ’ಗಳ ಕರ್ತೃ ಶಂ. ಬಾ. ಜೋಶಿಯವರು (1896–1991) ಅಗ್ರಗಣ್ಯರು. ಊರ ಹೆಸರನ್ನೂ ಇತಿಹಾಸದ ಆಕರವೆಂದು ಬಗೆದು ಅವರು ತೆರೆದ ಹಾದಿ ದೊಡ್ಡದು. ಆ ಹಾದಿಯಲ್ಲಿ ಎಷ್ಟು ದೂರ ನಡೆಯಬಹುದೆಂಬುದನ್ನು ನಿರ್ಣಯಿಸುವ ಹೊಣೆ ಮಾತ್ರ ನಮ್ಮದು.

ಮೊದಲು ‘ವಲಿ’ಯನ್ನು ನೋಡೋಣ. ಸ್ವರಗಳ ನಡುವಣ ಪಕಾರ ಪ್ರಾಕೃತದಲ್ಲಿ ವಕಾರವಾಗುವುದು ಸಾಮಾನ್ಯ ನಿಯಮ. ಆದುದರಿಂದ ‘ಪಲ್ಲಿ’ಯಿಂದ ‘ವಲಿ’ ಹುಟ್ಟಬಹುದು. ಸಂಸ್ಕೃತದ ‘ಪಲ್ಲಿ’ಯೇ ದ್ರಾವಿಡದಿಂದ ಹೋದ ಶಬ್ದವೆಂಬುದು ಅನೇಕ ಭಾಷಾವಿಜ್ಞಾನಿಗಳ ಮತ. ಕೊಂಕಣದಲ್ಲಿ ದಟ್ಟವಾಗಿರುವ ಇಂಥ ಹೆಸರುಗಳಲ್ಲಿ ದ್ರಾವಿಡ ಪದರವೊಂದನ್ನು ಫ್ರಾಂಕ್ಲಿನ್ ಸೌತ್‌ವರ್ತ್ ಅವರು 2005ರ ತಮ್ಮ ಗ್ರಂಥದಲ್ಲಿ ಗುರುತಿಸಿದ್ದಾರೆ. ಆದರೆ ದ್ರಾವಿಡವೆಂದರೆ ಕನ್ನಡವೆಂದೇ ಅರ್ಥವಲ್ಲ. ‘ಪಳ್ಳಿ’ ತಮಿಳು ಮಲಯಾಳಗಳಲ್ಲಿಯೂ ಉಂಟು, ‘ಪಲ್ಲಿ’ ತೆಲುಗಿನಲ್ಲಿಯೂ ಉಂಟು. ಮೇಲಾಗಿ, ಸಂಸ್ಕೃತಕ್ಕೆ ಸೇರಿದ ಶಬ್ದವನ್ನು ಆರ್ಯಭಾಷಿಕರೂ ತಮ್ಮ ಊರಿಗೆ ಇಟ್ಟಿರಬಹುದು. ಪ್ರತ್ಯಯವೊಂದೇ ಸಾಕ್ಷಿಯಾದಾಗ ತೀರ್ಪು ಸಂದೇಹಾಸ್ಪದ.

ಲಾತೂರಿನ ಸಂಗತಿ ಬೇರೆ. ‘ಪುರ’ ಸವೆದು ‘ಊರ’ ಆಗುವುದು ಪ್ರಾಕೃತದಲ್ಲಿ ಸಹಜವೇ. ಆದರೆ ರಾಷ್ಟ್ರಕೂಟರ ಮತ್ತು ಸವದತ್ತಿಯ ರಟ್ಟರ ಶಾಸನಗಳು ಆ ಅರಸರನ್ನು ‘ಲಟ್ಟಲೂರಪುರ’ದ ಒಡೆಯರೆಂದು ಹೊಗಳುತ್ತವೆ. ‘ಊರ’ದ ಮೇಲೆ ‘ಪುರ’ ಮತ್ತೆ ಕುಳಿತಿದೆ! ಎಂದ ಮೇಲೆ ಆ ಕಾಲದವರಿಗೆ ‘ಊರು’ ಹೆಸರಿನ ಅಂಗವಾಗಿಯೇ ತೋರುತ್ತಿದ್ದಿತು. ಇಲ್ಲಿ ಧ್ವನಿಸಾಮ್ಯದ ಜೊತೆಗೆ ಬರಹದ ಆಧಾರವೂ ಇದೆ.

ಸೊಲ್ಲಾಪುರವೆಂದರೆ ‘ಸೋಳಾ’, ಎಂದರೆ ಹದಿನಾರು, ಹಳ್ಳಿಗಳು ಕೂಡಿದ ಊರೆಂದು ಮರಾಠಿಯ ಜನಪ್ರಿಯ ವಿವರಣೆ. 12ನೆಯ ಶತಮಾನದ ಸಿದ್ಧರಾಮನ ಊರು ಸೊನ್ನಲಿಗೆ; ಆ ಹೆಸರಿನಲ್ಲಿ ಹದಿನಾರರ ಸುಳಿವೇ ಇಲ್ಲ. ಇದನ್ನು ಕಂಡು ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟುದರಿಂದ ಬೆಂಗಳೂರಾಯಿತೆಂದು ನಾವು ಹೇಳುತ್ತ ಬಂದಿದ್ದೇವೆ. ಬಲ್ಲಾಳನು ಪಟ್ಟವೇರಿದುದು 1173ರಲ್ಲಿ. ಬೇಗೂರಿನ ವೀರಗಲ್ಲು 9ನೆಯ ಶತಮಾನದಲ್ಲಿಯೇ ಬೆಂಗಳೂರ ಕಾಳಗವನ್ನು ಹೆಸರಿಸಿದೆ. ನೆರೆಯವರ ಕಥೆಯನ್ನು ಅಳೆಯುವ ಕೋಲಿನಿಂದಲೇ ನಮ್ಮ ಕಥೆಯನ್ನೂ ಅಳೆಯಬೇಡವೆ?

ಇದು ಬರಿಯ ಪಂಡಿತರ ಜಗಳವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಗಡಿಯ ವಾದಗಳಲ್ಲಿ ಊರ ಹೆಸರುಗಳನ್ನು ಹಕ್ಕುಪತ್ರಗಳಂತೆ ಮುಂದೊಡ್ಡಿದ್ದುಂಟು. ಹೆಸರು ಹಕ್ಕುಪತ್ರವಲ್ಲ. ಒಂದು ಕಾಲಕ್ಕೆ ಅಲ್ಲಿ ಯಾರು ನುಡಿದರೆಂಬುದಕ್ಕೆ ಅದು ಕುರುಹಾದೀತು. ಇಂದು ಅಲ್ಲಿ ಬಾಳುವವರ ನುಡಿಯನ್ನು ಅದು ಅಳಿಸಲಾರದು. ಸಡಿಲವಾದ ನೂರು ನಿಷ್ಪತ್ತಿಗಳನ್ನು ಒಡ್ಡಿದರೆ, ಎದುರಾಳಿಯು ಅವುಗಳಲ್ಲಿ ಒಂದನ್ನು ಮುರಿದು, ಲಟ್ಟಲೂರಿನಂಥ ಗಟ್ಟಿಯಾದ ಸಾಕ್ಷ್ಯವನ್ನೂ ಅದರೊಡನೆ ತಳ್ಳಿಹಾಕುವನು. ಕನ್ನಡದ ಪ್ರಾಚೀನ ವ್ಯಾಪ್ತಿಯಲ್ಲಿ ನಿಜವಾದ ಅಭಿಮಾನವುಳ್ಳವನು ಆದುದರಿಂದ ಮೂರನ್ನು ಕೇಳಬೇಕು: ಹೆಸರಿನ ಅತ್ಯಂತ ಹಳೆಯ ರೂಪ ಯಾವುದು? ಅದರ ಕಾಲವೇನು? ಧ್ವನಿವ್ಯತ್ಯಾಸವು ನಿಯಮಬದ್ಧವೆ? ಈ ಮೂರಕ್ಕೂ ಉತ್ತರ ದೊರೆತ ಹೆಸರುಗಳು ಕೆಲವೇ ಆದರೂ ಸಾಕು, ಶಂ. ಬಾ. ಅವರು ತೆರೆದ ಹಾದಿ ಆಗ ಹೆದ್ದಾರಿಯಾದೀತು.