ಹಂಬಲವೂ ಒಲವೂ: ಜನ್ನ, ಮುದ್ದಣರ ಎರಡು ಚಿತ್ರಗಳು

ಪ್ರೇಮವೆಂಬ ಒಂದೇ ಮಾತಿನಿಂದ ನಾವು ಎರಡು ಭಾವಗಳನ್ನು ಕರೆಯುತ್ತೇವೆ. ಒಂದು, ಕಂಡುದನ್ನು ಪಡೆದೇ ತೀರಬೇಕೆಂಬ ಹಂಬಲ; ಮತ್ತೊಂದು, ಇನ್ನೊಂದು ಜೀವದ ಮನಸ್ಸನ್ನು ಅರಿತು ನಡೆಯುವ ಒಲವು. ಇವುಗಳ ಅಂತರವನ್ನು ನಮ್ಮ ಕಾವ್ಯಗಳಿಂದಲೇ ತಿಳಿಯಬಹುದು.

ಜನ್ನನು 1230ರಲ್ಲಿ ರಚಿಸಿದ 'ಅನಂತನಾಥ ಪುರಾಣ'ದ ಚಂಡಶಾಸನನ ಕಥೆ ಉಪಾಧ್ಯಾಯ ಬಂಧುಗಳಿಗೆ ಪರಿಚಿತವಾದುದೇ. ಗೆಳೆಯ ವಸುಷೇಣನಲ್ಲಿಗೆ ಅತಿಥಿಯಾಗಿ ಬಂದವನು ಆತನ ಮಡದಿ ಸುನಂದೆಗೆ ಮರುಳಾಗಿ, ಕಪಟದಿಂದ ಅವಳನ್ನು ಕೊಂಡೊಯ್ಯುತ್ತಾನೆ. ಅವಳು ಒಲಿಯದಿರಲು, ಗಂಡನದೆಂದು ಒಂದು ಹುಸಿ ತಲೆಯನ್ನು ಅವಳಿಗೆ ತೋರಿಸುತ್ತಾನೆ. ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನನು ಅವಳ ದೇಹದೊಡನೆ ಚಿತೆಯನ್ನೇರುತ್ತಾನೆ.

'ಪ್ರೇಮಕ್ಕಾಗಿ ಪ್ರಾಣವನ್ನೇ ತೆತ್ತನಲ್ಲ' ಎಂದು ಮರುಗುವ ಓದುಗರುಂಟು. ಮರುಕ ಸಹಜ, ಆದರೆ ಆ ತೀರ್ಪು ಸರಿಯಲ್ಲ. ಸುನಂದೆಯ ಮನಸ್ಸು ಬೇಡವೆಂದುದನ್ನು ಅವನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಕೊನೆಯ ಚಿತೆಗೂ ಅವಳ ಸಮ್ಮತಿಯಿಲ್ಲ. ಸಾವು ಹಂಬಲದ ಬಿರುಸಿಗೆ ಸಾಕ್ಷಿಯಾದೀತು, ಒಲವಿಗೆ ಸಾಕ್ಷಿಯಾಗದು. ನಮ್ಮ ಆಲಂಕಾರಿಕರು ಒಮ್ಮುಖವಾದ ರತಿಯನ್ನು ಶೃಂಗಾರವೆನ್ನದೆ ರಸಾಭಾಸವೆಂದರು. ಸೀತೆಯ ಮೇಲಣ ರಾವಣನ ಮೋಹವನ್ನು ಅದಕ್ಕೆ ಉದಾಹರಣೆಯಾಗಿ ಕೊಟ್ಟರು. ಆದರೂ ನಾಗಚಂದ್ರನ ರಾವಣನು ಸೀತೆ ಮೂರ್ಛೆಹೋದುದನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ಅವಳ ನೋವು ಅವನ ಕಣ್ಣಿಗೆ ಬಿದ್ದಿತು. ಚಂಡಶಾಸನನಿಗೆ ತನ್ನ ನೋವಲ್ಲದೆ ಬೇರೊಂದು ಕಾಣಲಿಲ್ಲ.

ಹಾಗೆಂದು ಹಂಬಲವೆಲ್ಲ ಕೆಟ್ಟದ್ದೆಂದಲ್ಲ. ಅಗಲಿದವರ ವಿಪ್ರಲಂಭವೂ ಹಂಬಲವೇ. ಆದರೆ ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲರು, ಇಬ್ಬರೂ ಬಯಸುವರು.

ಇನ್ನು ನಂದಳಿಕೆಯ ಮುದ್ದಣನ (1870–1901) 'ಶ್ರೀರಾಮಾಶ್ವಮೇಧ'ವನ್ನು ನೋಡಿರಿ. ಮಳೆಗಾಲದಲ್ಲಿ ಮನೋರಮೆ ಗಂಡನಿಂದ ಕಥೆಯನ್ನು ಬಯಸುತ್ತಾಳೆ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಸಂಸ್ಕೃತದ ಬಿಗಿ ಹೆಚ್ಚಿದರೆ ಅಣಕಿಸುತ್ತಾಳೆ. ಅವನು ದಾರಿ ಬದಲಿಸುತ್ತಾನೆ. ಇಲ್ಲಿ ಪ್ರಾಣತ್ಯಾಗವಿಲ್ಲ, ನಿಟ್ಟುಸಿರಿಲ್ಲ. ಬೇಡವೆನ್ನಲು ಅವಳಿಗೆ ಅಂಜಿಕೆಯಿಲ್ಲ, ಅದನ್ನು ಕೇಳಿ ನಗಲು ಅವನಿಗೆ ಸಂಕೋಚವಿಲ್ಲ. ಈ ಸಲ್ಲಾಪವನ್ನು ಬರಿಯ ವಿನೋದವೆಂದು ಓದಿ ಮುಗಿಸುವುದು ವಾಡಿಕೆ. ಒಲವಿನ ಆರೋಗ್ಯ ಇರುವುದು ಆ ವಿನೋದದಲ್ಲಿಯೇ.

ನಮ್ಮ ಪ್ರೌಢಶಾಲೆಗಳ ಮಕ್ಕಳು ಹದಿನೈದು ಹದಿನಾರರ ಪ್ರಾಯದವರು. ಬಿಡದೆ ಬೆನ್ನು ಹತ್ತುವುದೇ ಪ್ರೇಮವೆಂದು ಅವರಿಗೆ ಕಲಿಸಲು ಸಿನಿಮಾಗಳಿವೆ. ಶೃಂಗಾರದ ಭಾಗ ಬಂದೊಡನೆ ಹಾಳೆ ಮಗುಚುವ ಉಪಾಧ್ಯಾಯರು ಆ ಪಾಠವನ್ನು ಸಿನಿಮಾಕ್ಕೇ ಒಪ್ಪಿಸಿದಂತೆ. ಚಂಡಶಾಸನನ ಕಥೆಯನ್ನು ಧೈರ್ಯವಾಗಿ ಓದಿಸಿ, ಒಂದು ಪ್ರಶ್ನೆಯನ್ನು ಕೇಳೋಣ: 'ಅವಳು ಬೇಡವೆಂದಾಗ ಇವನು ಏನು ಮಾಡಿದನು?' ಉತ್ತರವನ್ನು ಮಕ್ಕಳೇ ಹೇಳುವರು.