ಹೆದ್ದಾರಿಯ ಪಟ್ಟಿ, ನೀರಿನ ದಾರಿ

ಬೆಂಗಳೂರಿನಿಂದ ಪುಣೆ, ಮುಂಬೈ ಕಡೆಗೆ ಕಾರಿನಲ್ಲಿ ಹೊರಡುವ ಕುಟುಂಬದ ಕೈಯಲ್ಲಿ ಇಂದು ಒಂದು ಪಟ್ಟಿ ಇದ್ದೇ ಇರುತ್ತದೆ. ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48 ಆಗಿರುವ ಹೆದ್ದಾರಿಯೇ ಅದರ ಆಧಾರ. ಚಿತ್ರದುರ್ಗದಲ್ಲಿ ಕೋಟೆ, ದಾವಣಗೆರೆಯಲ್ಲಿ ಬೆಣ್ಣೆದೋಸೆ, ಧಾರವಾಡದಲ್ಲಿ ಪೇಡೆ, ಬೆಳಗಾವಿಯಲ್ಲಿ ಕುಂದಾ: ಒಂದೂರಿಗೆ ಒಂದು ನೋಟ ಅಥವಾ ಒಂದು ತಿನಿಸು. ಈ ಪಟ್ಟಿಯಲ್ಲಿ ಉಬ್ರಾಣಿ ಹೋಬಳಿಯ ಹೆಸರು ಬರುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕೂಡ ಬರುವುದಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಜೋಗಕ್ಕೆ ಹೋಗುವ ಪಟ್ಟಿಯವರಿಗೆ ಇವು ಮಲೆನಾಡಲ್ಲ. ಕೋಟೆ, ಹಂಪಿ ನೋಡುವ ಪಟ್ಟಿಯವರಿಗೆ ದಾರಿಯಲ್ಲಿ ಸಿಗುವ ಊರುಗಳಲ್ಲ. ಎರಡು ಸಿದ್ಧಪ್ರವಾಸಗಳ ನಡುವಿನ ಸಂದಿಯಲ್ಲಿ ಈ ನಾಲ್ಕು ತಾಲ್ಲೂಕುಗಳು ಉಳಿದುಬಿಟ್ಟಿವೆ. ರಸ್ತೆ ಪ್ರವಾಸದ ಯೋಜನೆ ಎಂಬ ಈ ಪದ್ಧತಿ ಎಷ್ಟು ಒಳ್ಳೆಯದು, ಎಲ್ಲಿ ಸೋಲುತ್ತದೆ ಎಂದು ಅಳೆಯುವುದಕ್ಕೆ, ಅದು ಕಾಣದೆ ಹೋದ ಈ ಸೀಮೆಯೇ ತಕ್ಕ ಸ್ಥಳ.

ನನ್ನ ಆಕ್ಷೇಪ ಪಟ್ಟಿ ಕೆಲವು ಊರುಗಳನ್ನು ಬಿಟ್ಟಿತೆಂಬುದಕ್ಕಲ್ಲ. ಯಾವ ಪಟ್ಟಿಯೂ ಎಲ್ಲವನ್ನೂ ಹಿಡಿಯಲಾರದು. ಹಿಡಿದ ಊರುಗಳನ್ನೇ ಅದು ಒಂದಕ್ಕೊಂದು ನಂಟಿಲ್ಲದ ಚುಕ್ಕೆಗಳನ್ನಾಗಿ ಮಾಡುತ್ತದೆ ಎಂಬುದು ನನ್ನ ದೂರು. ಬೆಣ್ಣೆದೋಸೆಯನ್ನೇ ನೋಡಿ. ಪಟ್ಟಿ ಯಾವ ಹೋಟೆಲು, ಎಷ್ಟು ಹೊತ್ತಿಗೆ, ಎಷ್ಟು ಜನಸಂದಣಿ ಎಂದು ಹೇಳಿ ಮುಗಿಸುತ್ತದೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬವರು ಇಲ್ಲಿ ಮೊದಲು ರಾಗಿದೋಸೆ ಹುಯ್ಯುತ್ತಿದ್ದರು, ಅಕ್ಕಿಯದು ಆಮೇಲೆ ಬಂತು ಎಂದು ಊರಿನವರು ಹೇಳುತ್ತಾರೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುವುದು ಈ ದೋಸೆಯ ಗುಟ್ಟು. ಮಂಡಕ್ಕಿ ಹುರಿಯುವ ಭಟ್ಟಿಗಳು ದಾವಣಗೆರೆಯಲ್ಲಿ ಒಂದು ಬಡಾವಣೆಗೇ ಹೆಸರು ಕೊಟ್ಟಿವೆ. ಸಂಜೆಯಾದರೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬೀದಿಬೀದಿಯಲ್ಲಿ. ಈ ಮಂಡಕ್ಕಿಗೆ ಬೇಕಾದ ಭತ್ತ ಸುತ್ತಲಿನ ಗದ್ದೆಗಳಲ್ಲಿ ಬೆಳೆಯುವಂತಾದದ್ದು 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಬಲದಂಡೆ ನಾಲೆ ಚನ್ನಗಿರಿ, ದಾವಣಗೆರೆ, ಹರಿಹರಗಳ ಬೆದ್ದಲನ್ನು ನೀರಾವರಿಗೆ ತಂದ ಮೇಲೆ. ಹೀಗೆ ಒಂದು ತಟ್ಟೆ ದೋಸೆಯ ಹಿಂದೆ ಒಂದು ನದಿ ಇದೆ. ತಿನಿಸಿನ ಸಲಹೆ ಹೋಟೆಲಿನ ಬಾಗಿಲಲ್ಲಿ ನಿಂತುಬಿಟ್ಟರೆ ಆ ನದಿ ಕಾಣುವುದಿಲ್ಲ. ಆ ದೋಸೆ ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಅದೇ ಹೆಸರಿನ ಫಲಕದ ಕೆಳಗೆ ಸಿಗುವ ದೋಸೆಗಿಂತ ಬೇರೆಯೇನೂ ಆಗುವುದಿಲ್ಲ. ಅದಕ್ಕಾಗಿ ಇನ್ನೂರು ಅರವತ್ತು ಕಿಲೋಮೀಟರ್ ಬಂದದ್ದು ಯಾಕೆ?

ನೀರನ್ನು ದಾರವಾಗಿ ಹಿಡಿದರೆ ಇದೇ ಸೀಮೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದಕ್ಕೆ ಉಬ್ರಾಣಿಯಿಂದ ಶುರುಮಾಡಬೇಕು. ಉಬ್ರಾಣಿ ಚನ್ನಗಿರಿ ತಾಲ್ಲೂಕಿನ ಹೋಬಳಿ; ಗುಡ್ಡ, ಕಾಡು, ಅಡಿಕೆ ತೋಟಗಳ ನಾಡು. ತಾಲ್ಲೂಕಿನ ದಕ್ಷಿಣ, ಪಶ್ಚಿಮದ ಗುಡ್ಡಸಾಲುಗಳಿಂದ ಇಳಿಯುವ ಹಳ್ಳಗಳು ಒಂದಾಗಿ ಸೂಳೆಕೆರೆಯಾಗುತ್ತವೆ ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಬರೆಯುತ್ತದೆ. ಕೆರೆಯ ಸುತ್ತಳತೆ 40 ಮೈಲಿ ಎಂದೂ ಲೆಕ್ಕ ಕೊಡುತ್ತದೆ. ಇಂದಿನ ಪ್ರವಾಸಿ ಪಟ್ಟಿಗಳಲ್ಲಿ ಅಪರೂಪಕ್ಕೆ ಈ ಕೆರೆ ಬಂದರೆ ‘ಏಷ್ಯಾದ ಎರಡನೇ ಅತಿ ದೊಡ್ಡ ಕೆರೆ’ ಎಂಬ ಬಿರುದಿನೊಂದಿಗೆ ಬರುತ್ತದೆ. ಆ ಬಿರುದು ನೋಡುವವನ ಕಣ್ಣಿಗೆ ಏನನ್ನೂ ಕೊಡುವುದಿಲ್ಲ. ಕಣ್ಣಿಗೆ ಕೆಲಸ ಕೊಡುವುದು ಏರಿ. ಇಷ್ಟು ವಿಶಾಲವಾದ ನೀರನ್ನು ತಡೆದಿರುವ ಏರಿಯ ಉದ್ದ ಅಚ್ಚರಿಯಾಗುವಷ್ಟು ಕಡಿಮೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯನ್ನು ಹುಡುಕಿ ಅಲ್ಲಿ ಮಾತ್ರ ದಪ್ಪವಾಗಿ ಕಟ್ಟಿದ್ದಾರೆ. ಹರಿದ್ರಾವತಿ ಹೊಳೆ ಇಲ್ಲಿ ನಿಂತು, ಮತ್ತೆ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಸಿದ್ಧನಾಲೆ, ಬಸವನಾಲೆಗಳ ಜಾಡು ಹಿಡಿದು ಸ್ವಲ್ಪ ದೂರ ಹೋದರೆ ಗದ್ದೆ ಬಯಲು ಎಲ್ಲಿಂದ ಎಲ್ಲಿಯವರೆಗೆ ಎಂದು ತಾನೇ ತಿಳಿಯುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಈ ಕೆರೆಯ ನೀರು ಹೋಗುತ್ತದೆ. ಪಟ್ಟಿಯ ಪ್ರಕಾರ ಕೋಟೆ ನೋಡಿ ಬಂದವರು ಅಲ್ಲಿ ಬಾಯಾರಿ ಕುಡಿದದ್ದು, ತಾವು ಬಿಟ್ಟುಬಂದ ಊರಿನ ನೀರನ್ನೇ ಇರಬಹುದು. ಹೆಸರಿನ ವಿಷಯವೂ ಇದೆ. ಫಲಕಗಳು ಶಾಂತಿಸಾಗರ ಎನ್ನುತ್ತವೆ, ಜನ ಸೂಳೆಕೆರೆ ಎನ್ನುತ್ತಾರೆ. ಸ್ವರ್ಗಾವತಿಯ ಅರಸುಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರು ಉಳಿಯಬೇಕೆಂದು ಕೇಳಿ ಪಡೆದರೆಂಬುದು ಐತಿಹ್ಯ. ಆ ಹೆಂಗಸರು ಬೇಡಿದ್ದು ಇದೊಂದನ್ನೇ. ಸಭ್ಯತೆಯ ಹೆಸರಿನಲ್ಲಿ ಅದನ್ನು ಮರೆಸುವ ಪ್ರವಾಸಿ ಕೈಪಿಡಿ ಅವರಿಗೆ ಕೊಟ್ಟ ಮಾತನ್ನು ಮುರಿದಂತೆ ಎಂದೇ ನನಗೆ ಅನಿಸುತ್ತದೆ.

ಸಂತೇಬೆನ್ನೂರಿನ ಪುಷ್ಕರಣಿ ಇದೇ ತಾಲ್ಲೂಕಿನದು. 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಕೊಳ, ನಡುವೆ ನೀರಿನ ಮೇಲೆ ನಿಂತ ವಸಂತಮಂಟಪ. ಎದುರಿಗೆ, ಬಿಜಾಪುರದ ರಣದುಲ್ಲಾಖಾನನ ಕಾಲದ ದೊಡ್ಡ ಕಲ್ಲುಕಟ್ಟಡ. ಅದಕ್ಕೆ ಇಂದಿಗೂ ಇರುವ ಹೆಸರು ಮುಸಾಫಿರ್‌ಖಾನಾ, ದಾರಿಹೋಕರ ಮನೆ. ನೀರು ಮತ್ತು ದಾರಿಹೋಕ ಎದುರುಬದುರಾಗಿರುವ ಈ ಜಾಗವನ್ನು ಪಟ್ಟಿಗಳು ‘ಫೋಟೋಗೆ ಚೆನ್ನಾಗಿದೆ, ಅರ್ಧ ಗಂಟೆ ಸಾಕು’ ಎಂದು ತೀರಿಸಿಬಿಡುತ್ತವೆ.

ಪಟ್ಟಿಗಳ ಇನ್ನೊಂದು ದೌರ್ಬಲ್ಯ ಕಾಲದ್ದು. ‘ಅಕ್ಟೋಬರಿನಿಂದ ಫೆಬ್ರವರಿ ಸೂಕ್ತ’ ಎಂದು ಎಲ್ಲ ಊರಿಗೂ ಒಂದೇ ಮಾತು. ಈ ಮಾತು ಹವೆಯನ್ನು ಮಾತ್ರ ನೋಡುತ್ತದೆ, ಕೆಲಸವನ್ನು ನೋಡುವುದಿಲ್ಲ. ಅಡಿಕೆ ಕೊಯಿಲಿನ ತಿಂಗಳುಗಳಲ್ಲಿ ಚನ್ನಗಿರಿ ಬೇರೆಯೇ ಊರು. ತೋಟವನ್ನು ಫಸಲಿಗೆ ಹಿಡಿದ ಖೇಣಿದಾರರು, ಹಸಿ ಅಡಿಕೆ ಸುಲಿಯುವ ಹೆಂಗಸರು, ಬೇಯಿಸುವ ಹಂಡೆಯ ಒಲೆ, ಚೊಗರಿನ ಕೆಂಪು, ಕಣದಲ್ಲಿ ಹರವಿದ ರಾಶಿ: ಊರಿನ ಹಣ, ಸಾಲ, ಮದುವೆಯ ಮುಹೂರ್ತ ಎಲ್ಲವೂ ಈ ಒಂದು ಕಾಯಿಯ ಧಾರಣೆಯ ಮೇಲೆ ನಿಂತಿವೆ. ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇಲ್ಲಿ ಯಾವ ದೇವಸ್ಥಾನಕ್ಕೂ ಕಡಿಮೆಯಿಲ್ಲದ ಹೆಗ್ಗುರುತು. ಆ ಹೊತ್ತಿಗೆ ಬರುವ ಸೀಗೆ ಹುಣ್ಣಿಮೆಯಂದು ಹೊಲಗದ್ದೆಗಳಲ್ಲಿ ಭೂಮಿಯನ್ನು ಬಸುರಿಯಂತೆ ಪೂಜಿಸಿ, ಬಗೆಬಗೆಯ ಸೊಪ್ಪು ಬೇಯಿಸಿದ ಅಡುಗೆಯನ್ನು ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಕೂತು ಉಣ್ಣುತ್ತಾರೆ. ಈ ಸೀಮೆಯ ಅತ್ಯುತ್ತಮ ಊಟ ಅದು. ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯಲ್ಲಿ ಫೆಬ್ರವರಿಯೇ ದೊಡ್ಡ ತಿಂಗಳು: ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪಕ್ಕೆ ಅವರ ಜಯಂತಿಗೆಂದು ನಾಡಿನ ಮೂಲೆಮೂಲೆಗಳಿಂದ, ಹೊರರಾಜ್ಯಗಳಿಂದ ಬಂಜಾರರು ಬರುತ್ತಾರೆ. ಅವರಲ್ಲಿ ಎಷ್ಟೋ ಜನ ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರು. ರಸ್ತೆ ಪ್ರವಾಸ ಎಂಬುದು ಕಾರು ಬಂದ ಮೇಲೆ ಹುಟ್ಟಿದ್ದು ಎಂದುಕೊಂಡವರು ಆ ನಡಿಗೆಯನ್ನು ನೋಡಬೇಕು.

ಒಂದು ಹಳೆಯ ಮಾದರಿಯನ್ನು ಇಲ್ಲಿ ನೆನೆಯುವುದು ಉಪಯುಕ್ತ. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್ ಮೈಸೂರು, ಮಲಬಾರು, ಕೆನರಾ ಸುತ್ತಿ, ಶಿವಮೊಗ್ಗ, ಹರಿಹರ, ದಾವಣಗೆರೆಗಳ ಮೂಲಕ ಚಿತ್ರದುರ್ಗದ ಕಡೆಗೆ ಬಂದ. 1807ರಲ್ಲಿ ಆ ಪ್ರವಾಸದ ಬರಹ ಮೂರು ಸಂಪುಟಗಳಾಗಿ ಅಚ್ಚಾಯಿತು. ಪ್ರತಿ ಬಿಡಾರದಲ್ಲೂ ಮಣ್ಣು ಎಂಥದು, ಕೆರೆ ಯಾವ ಸ್ಥಿತಿಯಲ್ಲಿದೆ, ಯಾವ ಕಾಳು ಬಿತ್ತುತ್ತಾರೆ, ಕಂಬಳಿ ಯಾರು ನೇಯುತ್ತಾರೆ ಎಂದು ಅವನು ಕೇಳಿದ. ಅವನ ಕಣ್ಣು ಈಸ್ಟ್ ಇಂಡಿಯಾ ಕಂಪನಿಯ ಕಂದಾಯದ ಕಣ್ಣು. ಆದ್ದರಿಂದ ಅವನನ್ನು ಆದರ್ಶವೆನ್ನಲಾರೆ. ಆದರೆ ಒಂದು ಊರಿನ ಊಟವನ್ನು ಅದರ ನೆಲದಿಂದ ಬೇರ್ಪಡಿಸದೆ ಬರೆಯುವ ಶಿಸ್ತು ಅವನಲ್ಲಿತ್ತು. ಲೂಟಿಯ ಉದ್ದೇಶಕ್ಕೂ ಸಾಧ್ಯವಾದ ಆ ಶ್ರದ್ಧೆ ಪ್ರೀತಿಯಿಂದ ಹೊರಡುವವರಿಗೆ ಯಾಕೆ ಸಾಧ್ಯವಾಗಬಾರದು?

ಇದಕ್ಕೆ ಬರುವ ಮೊದಲ ತಕರಾರು ಸಮಯದ್ದು. ವರ್ಷಕ್ಕೊಮ್ಮೆ ನಾಲ್ಕು ದಿನ ರಜೆ ಸಿಕ್ಕ ಮನೆಗೆ ನಾಲೆಯ ಜಾಡು ಹಿಡಿಯುವ ಪುರುಸೊತ್ತು ಎಲ್ಲಿದೆ? ತಕರಾರು ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಹೆಚ್ಚು ದಿನಗಳನ್ನಲ್ಲ, ಕಡಿಮೆ ನಿಲುಗಡೆಗಳನ್ನು. ಉಬ್ರಾಣಿಯ ಗುಡ್ಡಗಳಿಂದ ಹೊರಟು ಸೂಳೆಕೆರೆ, ಸಂತೇಬೆನ್ನೂರು ನೋಡಿಕೊಂಡು ಕತ್ತಲಾಗುವ ಮುನ್ನ ಜಗಳೂರು ತಲುಪಬಹುದು. ಎರಡನೆಯ ತಕರಾರು ಊಟದ್ದು: ಇಂಥ ಕಡೆ ಹೊಟ್ಟೆಗೆ ನಂಬಿಕೆಯಿಂದ ಏನು ಸಿಗುತ್ತದೆ? ಚನ್ನಗಿರಿ, ಹೊನ್ನಾಳಿಯಂಥ ಪಟ್ಟಣಗಳಲ್ಲಿ ಖಾನಾವಳಿಗಳಿವೆ. ಮಧ್ಯಾಹ್ನ ಬಿಸಿ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಸಿಗುತ್ತವೆ. ಉಬ್ರಾಣಿ ಹೋಬಳಿಯ ಒಳಹಳ್ಳಿಗಳಲ್ಲಿ ಹೋಟೆಲನ್ನು ನಿರೀಕ್ಷಿಸಬಾರದು. ಪ್ರಾಮಾಣಿಕ ಸಲಹೆಗಾರ ಇದನ್ನು ನೇರವಾಗಿ ಹೇಳಬೇಕು, ಜೊತೆಗೆ ಬುತ್ತಿಯ ಮಾತನ್ನೂ ಹೇಳಬೇಕು. ಕಟಕಲು ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು ಈ ನಾಡಿನ ಜನ ಜಾತ್ರೆಗೆ, ಗುಳೆಗೆ, ಗಾಡಿ ಪಯಣಕ್ಕೆ ಕಟ್ಟಿಕೊಂಡು ಹೋದ ಊಟ. ದಾರಿಯಲ್ಲಿ ಕೆಡದಂತೆ ತಲೆಮಾರುಗಳ ಅನುಭವ ಅದನ್ನು ರೂಪಿಸಿದೆ. ‘ಸ್ಥಳೀಯ ತಿನಿಸು’ ಎಂದರೆ ಕೊಳ್ಳುವ ತಿನಿಸು ಎಂಬ ಅರ್ಥ ಬಂದ ಮೇಲೆ ಬುತ್ತಿ ಪಟ್ಟಿಗಳಿಂದ ಮರೆಯಾಯಿತು, ಇದು ದೊಡ್ಡ ನಷ್ಟ.

ಮೂರನೆಯ ತಕರಾರು ಇವೆರಡಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪಟ್ಟಿಯಲ್ಲಿಲ್ಲದಿರುವುದೇ ಈ ಊರುಗಳ ಅದೃಷ್ಟ, ಬರೆದು ಕರೆದರೆ ಜನ ಬಂದು ಹಾಳುಮಾಡುತ್ತಾರೆ ಎನ್ನುವವರಿದ್ದಾರೆ. ಕೆಲವು ಜಾಗಗಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. 2023ರ ಬೇಸಿಗೆಯಲ್ಲಿ ಚನ್ನಗಿರಿ, ನ್ಯಾಮತಿ ಕಡೆಯ ಹಳ್ಳಿಗಳು ಕಾಡಾನೆಯ ಭಯದಲ್ಲಿ ದಿನ ಕಳೆದವು. ಅಂಥ ಕಾಡಂಚಿನ ದಾರಿಗಳಲ್ಲಿ ಮುಸ್ಸಂಜೆಯ ಮೋಜಿನ ಸವಾರಿಯನ್ನು ಯಾರೂ ಶಿಫಾರಸು ಮಾಡಬಾರದು. ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ವನ್ಯಧಾಮವೆಂದು ಘೋಷಿಸಿದ್ದು ನಾಲ್ಕು ಕೊಂಬಿನ ಕೊಂಡುಕುರಿಗಾಗಿ. ನಾಚಿಕೆಯ ಆ ಪ್ರಾಣಿಗೆ ನೋಡಬರುವವರ ಅಗತ್ಯವಿಲ್ಲ. ಅಂಥ ಕಡೆ ‘ಹೋಗಬೇಡಿ’ ಎಂದು ಬರೆಯುವ ಧೈರ್ಯವೂ ಯೋಜನೆಯ ಭಾಗವಾಗಬೇಕು. ಆದರೆ ಕೆರೆ, ನಾಲೆ, ಅಡಿಕೆ ಕಣ, ಸಂತೆಗಳ ಮಾತು ಬೇರೆ. ಅವು ಜನರು ನಡೆಸುತ್ತಿರುವ ಜಾಗಗಳು; ತಿಳಿದು ಬಂದವನು ಅಲ್ಲಿ ಅತಿಥಿಯಾಗುತ್ತಾನೆ, ಹೆಸರು ಮಾತ್ರ ಕೇಳಿ ಬಂದವನು ಹತ್ತು ನಿಮಿಷ ನಿಂತು ಬಾಟಲಿ ಎಸೆದು ಹೋಗುತ್ತಾನೆ. ಹಾಳಾಗುವುದನ್ನು ಮೌನ ತಡೆದೀತೆಂಬ ಭರವಸೆ ನನಗಿಲ್ಲ.

ನೀರಿನ ದಾರಿಯ ಕೊನೆಯ ಪುಟ ಜಗಳೂರು. ಬೆಳಿಗ್ಗೆ ಅಡಿಕೆಯ ನೆರಳು, ಮಧ್ಯಾಹ್ನ ಭತ್ತದ ಬಯಲು ಕಂಡವರಿಗೆ ಸಂಜೆ ಇಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಜೋಳ, ರಾಗಿಯ ಖುಷ್ಕಿ ಹೊಲಗಳು ಎದುರಾಗುತ್ತವೆ. ಬರ ಇಲ್ಲಿ ಮತ್ತೆ ಮತ್ತೆ ಬಂದುಹೋಗುವ ನೆಂಟ. ಪಟ್ಟಿ ಮಾಡುವವರು ‘ನೋಡುವಂಥದ್ದೇನಿಲ್ಲ’ ಎನ್ನುವುದು ಇಂಥ ಊರನ್ನೇ. ಆದರೆ ಉಬ್ರಾಣಿಯನ್ನು ನೋಡಿ ಬಂದವರಿಗೆ ಇಲ್ಲಿ ನೋಡುವಂಥದ್ದು ಬಹಳ. ಉಬ್ರಾಣಿ-ಅಮೃತಾಪುರ ಏತ ನೀರಾವರಿ ಭದ್ರೆಯನ್ನು ಮೇಲೆತ್ತಿ ಚನ್ನಗಿರಿ, ತರೀಕೆರೆ ತಾಲ್ಲೂಕುಗಳ ಕೆರೆಗಳಿಗೆ ಹರಿಸುತ್ತದೆ. ಅದೇ ಭದ್ರೆಗಾಗಿ ಜಗಳೂರು ಭದ್ರಾ ಮೇಲ್ದಂಡೆ ಯೋಜನೆಯ ದಾರಿ ಕಾಯುತ್ತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಇಲ್ಲಿನವರು ಪತ್ರಿಕೆ ಓದಿದ ಕಣ್ಣು ಬೇರೆ. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಇನ್ನೊಂದು ಯೋಜನೆಯೂ ಇದೆ. ಆದ್ದರಿಂದ ಜಗಳೂರಿನ ಬಗ್ಗೆ ಬರೆಯುವ ಯಾವ ಪ್ರವಾಸಿ ಸಲಹೆಯೂ ತಾನು ಬರೆದ ವರ್ಷವನ್ನು ಮೇಲೆ ನಮೂದಿಸಬೇಕು. ನೀರು ಬಂದ ಕಡೆ ಜೋಳದ ಹೊಲದ ಅಂಚಿನಲ್ಲಿ ಅಡಿಕೆ ಸಸಿ ಏಳುತ್ತದೆ. ಹಾಗೆ ಎದ್ದ ಊರುಗಳಲ್ಲಿ ಐದಾರು ವರ್ಷಗಳಲ್ಲಿ ಹೊಲ ತೋಟವಾಗಿ, ರೊಟ್ಟಿಯ ಪಕ್ಕದಲ್ಲಿ ಅನ್ನ ಹೆಚ್ಚಾಗಿ, ಇಂದಿನ ಊಟದ ಸಲಹೆಯನ್ನು ಪೂರ್ತಿ ತಿದ್ದಿ ಬರೆಯಬೇಕಾಗುತ್ತದೆ.