ಬೇವು ಹೂಬಿಟ್ಟಾಗ ಪುಸ್ತಕಪಟ್ಟಿ

ತೆಲಸಂಗ ಗ್ರಾಮದ ಸುತ್ತ ಬಿಳಿಜೋಳದ ರಾಶಿ ಮುಗಿದು ಬೇವು ಹೂಬಿಟ್ಟಿತೆಂದರೆ ಯುಗಾದಿ ಬಂತೆಂದೇ ಲೆಕ್ಕ. ಆಗಲೇ ಒಣದ್ರಾಕ್ಷಿ ಶೆಡ್ಡಿನ ಬಲೆಗಳ ಮೇಲೆ ಹರವಿದ ಹಸಿದ್ರಾಕ್ಷಿ ಎರಡು ವಾರಗಳಲ್ಲಿ ಸುಕ್ಕುಗಟ್ಟಿ ಜೇನುಬಣ್ಣಕ್ಕೆ ತಿರುಗುತ್ತದೆ. ಪರೀಕ್ಷೆ ಮುಗಿದ ಮಕ್ಕಳಿಗೆ ಮನೆಯೇ ಶಾಲೆಯಾಗುವ ಈ ಹೊತ್ತಿಗೆ ಪ್ರಕಾಶಕರ ಪುಸ್ತಕಪಟ್ಟಿ ಕೈಗೆ ಬಂದರೆ ಹಬ್ಬವೇ.

ಪುಸ್ತಕಪಟ್ಟಿಯನ್ನು ನಾನು ಓದುವ ಪುಸ್ತಕವೆಂದೇ ಎಣಿಸುತ್ತೇನೆ. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆಯನ್ನೇ ನೋಡಿ: ಎಲ್.ಎಸ್. ಶೇಷಗಿರಿರಾವ್ ಸಂಪಾದಿಸಿದ 510 ಕಿರುಹೊತ್ತಗೆಗಳು, ಒಂದೊಂದೂ ಒಂದು ಜೀವನಕಥೆ! ಬರೀ ಹೆಸರುಗಳ ಮೇಲೆ ಬೆರಳಾಡಿಸಿದರೂ ಮಗು ಎಷ್ಟೋ ಊರು, ಎಷ್ಟೋ ಕಾಲ ಸುತ್ತಿಬರುತ್ತದೆ. ಬೇಕಾದ್ದಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಬೆಲೆ ಕೂಡಿಸಿ, ಎರಡನ್ನು ಬಿಟ್ಟು ಒಂದನ್ನು ಉಳಿಸಿಕೊಳ್ಳುವಾಗ ಗಣಿತವೂ ಆಯಿತು, ಅಭಿರುಚಿಯೂ ಬೆಳೆಯಿತು. ಅದಕ್ಕೇ ಪಟ್ಟಿಯನ್ನು ಮೊದಲು ಮಕ್ಕಳ ಕೈಗೇ ಕೊಡಬೇಕು.